ಪ್ರಸಂಗದ ಹೊತ್ತಿನಲ್ಲಿ ಮನಸ್ಸು ಹಿಡಿದಿಡುವುದು ಹೇಗೆ?

“ಹಾಡುವಾಗ ಮನಸ್ಸು ನಿಲ್ಲುತ್ತದೆ, ಪ್ರಾರ್ಥನೆಯಲ್ಲೂ ಹೇಗೋ ನಡೆಯುತ್ತದೆ. ಪ್ರಸಂಗ ಶುರುವಾದರೆ ಮಾತ್ರ ಎಲ್ಲೆಲ್ಲಿಗೋ ಹೋಗಿಬಿಡುತ್ತದೆ. ಏನು ಮಾಡಲಿ?” ಚರ್ಚಿನ ಪ್ರಸಂಗದ, ಅಂದರೆ ಆರಾಧನೆಯಲ್ಲಿ ಬೋಧಕರು ಮಾಡುವ ಉಪದೇಶದ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಈಚೆಗೆ ಚರ್ಚಿಗೆ ಬರತೊಡಗಿದವರೂ ಕೇಳುತ್ತಾರೆ, ಬುದ್ಧಿ ಬಂದಾಗಿನಿಂದ ಅದೇ ಬೆಂಚಿನಲ್ಲಿ ಕೂತವರೂ ಕೇಳುತ್ತಾರೆ. ಹೆಚ್ಚಿನವರು ಇದನ್ನು ಭಕ್ತಿ ಸಾಲದ್ದರ ಗುರುತೆಂದು ತಿಳಿದು, ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ.

ದನಿ ತಗ್ಗಿಸಬೇಕಾಗಿಲ್ಲ. ಸತ್ಯವೇದದಲ್ಲಿ (ಬೈಬಲ್) ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 20ನೇ ಅಧ್ಯಾಯ ತೆಗೆದು ನೋಡಿ. ತ್ರೋವ ಎಂಬ ಊರಿನಲ್ಲಿ, ಯೇಸುವಿನ ಸಂದೇಶ ಸಾರುತ್ತ ಸುತ್ತುತ್ತಿದ್ದ ಪೌಲನು ನಡುರಾತ್ರಿಯ ತನಕ ಮಾತಾಡುತ್ತಲೇ ಇದ್ದ. ಕೋಣೆಯಲ್ಲಿ ಬಹಳ ದೀಪಗಳಿದ್ದವು. ಕಿಟಕಿಯಲ್ಲಿ ಕೂತಿದ್ದ ಯೂತಿಕನೆಂಬ ಯುವಕ ಗಾಢನಿದ್ದೆಗೆ ಜಾರಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲನು ಇಳಿದು ಬಂದು ಅವನನ್ನು ತಬ್ಬಿಕೊಂಡ, ಹುಡುಗ ಬದುಕಿದ. ಪೌಲನಂಥವನು ಮಾತಾಡುವಾಗಲೇ ಒಬ್ಬನಿಗೆ ಜೋಂಪು ಹತ್ತಿದೆ. ಆ ಪುಸ್ತಕದ ಕರ್ತೃ ಲೂಕನು ಅದನ್ನು ಬರೆದಿಟ್ಟನೇ ಹೊರತು ಹುಡುಗನನ್ನು ಒಂದು ಮಾತೂ ಬೈದಿಲ್ಲ.

ಮನಸ್ಸು ಅಲೆಯುವುದು ಚರ್ಚಿನೊಳಗಿನ ರೋಗವೂ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಸುಮಾರು 2250 ಜನರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೇಳಿದ ಹೊತ್ತಿನಲ್ಲಿ ಸುಮಾರು 47% ಸಲ ಜನ ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಬೇರೇನನ್ನೋ ಯೋಚಿಸುತ್ತಿದ್ದರು. ಪ್ರಸಂಗದಲ್ಲಿ ಇದು ಇನ್ನೂ ಸುಲಭ. ಬಾಯಿಂದ ಬರುವ ಮಾತಿಗಿಂತ ಯೋಚನೆಯ ವೇಗ ಜಾಸ್ತಿ. ಎರಡು ವಾಕ್ಯಗಳ ನಡುವೆ ಉಳಿಯುವ ಸಂದಿಯಲ್ಲೇ ಮನಸ್ಸು ನುಣುಚಿಕೊಳ್ಳುತ್ತದೆ. ಆ ಸಂದಿಗೆ ಒಂದು ಕೆಲಸ ಕೊಡುವುದು, ಹೋದ ಮನಸ್ಸನ್ನು ಬೇಗ ಕರೆದು ತರುವುದು: ಕೆಳಗಿನ ಹಂತಗಳೆಲ್ಲ ಈ ಎರಡರ ಸುತ್ತಲೇ ಇವೆ. ಒಮ್ಮೆಯೂ ಚದುರದ ಗಮನವನ್ನು ಗುರಿ ಮಾಡಿಕೊಂಡರೆ ಎರಡೇ ವಾರದಲ್ಲಿ ಕೈಚೆಲ್ಲುತ್ತೀರಿ.

ಬೇಕಾಗುವ ಸಾಮಾನು ಕಡಿಮೆ: ಅಂಗೈ ಅಗಲದ ಒಂದು ನೋಟ್‌ಬುಕ್, ಸದ್ದು ಮಾಡದ ಪೆನ್ನು (ಟಿಕ್ ಟಿಕ್ ಒತ್ತುವಂಥದ್ದು ಬೇಡ, ಪಕ್ಕದವರ ಗಮನವೂ ನಿಮ್ಮ ಹೊಣೆಯೇ), ಮುದ್ರಿತ ಸತ್ಯವೇದ. ಇಷ್ಟೇ.

1. ಹಿಂದಿನ ರಾತ್ರಿಯಿಂದ ಶುರು ಮಾಡಿ

ಭಾನುವಾರ ಬೆಳಗಿನ ತೂಕಡಿಕೆಯ ಮೂಲ ಸಾಮಾನ್ಯವಾಗಿ ಶನಿವಾರ ರಾತ್ರಿಯಲ್ಲಿದೆ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ನಿದ್ದೆಗೆಟ್ಟು ಬಂದವರಿಗೆ ಮುಂದಿನ ಯಾವ ಉಪಾಯವೂ ಅರ್ಧಕ್ಕಿಂತ ಹೆಚ್ಚು ಫಲ ಕೊಡುವುದಿಲ್ಲ. ಉಡುವ ಬಟ್ಟೆ, ಮಕ್ಕಳ ಚೀಲ, ಕಾಣಿಕೆ, ವಾಹನದ ಕೀಲಿ ಇವನ್ನೆಲ್ಲ ರಾತ್ರಿಯೇ ಒಂದು ಕಡೆ ಇಡಿ. ಬೆಳಿಗ್ಗೆ ಕಿರುಚಾಡಿ ಹೊರಟವರ ಮನಸ್ಸು ತಣ್ಣಗಾಗುವ ಹೊತ್ತಿಗೆ ಅರ್ಧ ಪ್ರಸಂಗ ಮುಗಿದಿರುತ್ತದೆ. ಹತ್ತು ನಿಮಿಷ ಮುಂಚೆ ಹೋಗಿ ಕೂರಿ. ಹೊಟ್ಟೆ ಬಿರಿಯುವಷ್ಟು ತಿಂದು ಹೋಗಬೇಡಿ. ಪೂರ್ತಿ ಹಸಿದು ಹೋದರೂ ಮನಸ್ಸು ಊಟದ ಸುತ್ತಲೇ ಸುತ್ತುತ್ತದೆ. ಉಪವಾಸದ ನಿಯಮ ಪಾಲಿಸುವವರು ಅದರಂತೆ ನಡೆಯಲಿ.

2. ಓದಿಕೊಂಡು ಹೋಗಿ

ಒಂದೇ ಒಂದು ಹಂತ ಪಾಲಿಸಲು ಸಮಯವಿದ್ದರೆ ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಮೊದಲೇ ಗೊತ್ತಿರುವ ವಿಷಯದ ಮಾತು ಕಿವಿಗೆ ಬಿದ್ದರೆ ಮನಸ್ಸು ತಾನಾಗಿ ತಿರುಗುತ್ತದೆ. ಏನೂ ಗೊತ್ತಿಲ್ಲದೆ ಕೂತರೆ ಮೊದಲ ಹತ್ತು ನಿಮಿಷ ಇದು ಯಾವ ಕತೆ, ಯಾರು ಯಾರಿಗೆ ಹೇಳಿದ್ದು ಎಂದು ತಿಳಿಯುವುದರಲ್ಲೇ ಹೋಗುತ್ತದೆ.

ಆ ವಾರದ ಭಾಗ ಯಾವುದೆಂದು ತಿಳಿಯುವುದು ಹೇಗೆ? ಕಥೋಲಿಕರಿಗೂ ಹಲವು ಪ್ರೊಟೆಸ್ಟೆಂಟ್ ಸಭೆಗಳಿಗೂ ಇದು ಸುಲಭ. ಅವರಲ್ಲಿ ಲೆಕ್ಷನರಿ ಇರುತ್ತದೆ, ಅಂದರೆ ಯಾವ ಭಾನುವಾರ ಯಾವ ವಾಚನ ಎಂದು ಮೊದಲೇ ಗೊತ್ತುಮಾಡಿದ ಪಟ್ಟಿ. ಕಥೋಲಿಕ ಸಭೆಯಲ್ಲಿ ಭಾನುವಾರದ ವಾಚನಗಳು ಮೂರು ವರ್ಷಕ್ಕೊಂದು ಸುತ್ತು ಬರುತ್ತವೆ. ‘ಎ’ ವರ್ಷದಲ್ಲಿ ಹೆಚ್ಚಾಗಿ ಮತ್ತಾಯ, ‘ಬಿ’ ವರ್ಷದಲ್ಲಿ ಮಾರ್ಕ, ‘ಸಿ’ ವರ್ಷದಲ್ಲಿ ಲೂಕ. ಯೋವಾನ್ನನ ಶುಭಸಂದೇಶ ಪಾಸ್ಖ (ಈಸ್ಟರ್) ಕಾಲದಲ್ಲೂ ಇತರ ಕೆಲವು ಭಾನುವಾರಗಳಲ್ಲೂ ಬರುತ್ತದೆ. ಒಂದನೆಯ ವಾಚನ, ಕೀರ್ತನೆ, ಎರಡನೆಯ ವಾಚನ, ಶುಭಸಂದೇಶ ಎಂಬ ಕ್ರಮ. ಸಮಯ ಕಡಿಮೆ ಇದ್ದರೆ ಶುಭಸಂದೇಶವನ್ನೂ ಒಂದನೆಯ ವಾಚನವನ್ನೂ ಓದಿ. ಸಾಧಾರಣ ಕಾಲದ, ಅಂದರೆ ಕ್ರಿಸ್ಮಸ್ ಮತ್ತು ಈಸ್ಟರ್ ಸುತ್ತಲಿನ ವಿಶೇಷ ಕಾಲಗಳನ್ನು ಬಿಟ್ಟು ಉಳಿದ ಭಾನುವಾರಗಳಲ್ಲಿ ಈ ಎರಡನ್ನು ಸಂಬಂಧ ನೋಡಿಯೇ ಜೋಡಿಸಿರುತ್ತಾರೆ. ಆ ಸಂಬಂಧ ಏನಿರಬಹುದೆಂದು ಊಹಿಸಿಕೊಂಡು ಹೋಗುವುದೇ ಒಂದು ಒಳ್ಳೆಯ ತಯಾರಿ.

ಪಟ್ಟಿ ಇಲ್ಲದ ಸಭೆಗಳಲ್ಲಿ ಪಾಸ್ಟರ್ ಒಂದೇ ಪುಸ್ತಕವನ್ನು ವಾರವಾರ ಮುಂದುವರಿಸುತ್ತಿದ್ದರೆ ಮುಂದಿನ ಅಧ್ಯಾಯ ಓದಿದರಾಯಿತು. ಹಾಗಿಲ್ಲದಿದ್ದರೆ ನೇರ ಕೇಳಿಬಿಡಿ: “ಪಾಸ್ಟರ್, ಬರುವ ವಾರ ಯಾವ ಭಾಗ ತಗೊಳ್ತೀರಿ? ಓದಿಕೊಂಡು ಬರೋಣ ಅಂತ.” ಈ ಪ್ರಶ್ನೆ ಕೇಳಿ ಬೇಜಾರಾದ ಪಾಸ್ಟರ್ ಇನ್ನೂ ಸಿಕ್ಕಿಲ್ಲ.

ಓದುವಾಗ ಭಾಷ್ಯ, ವ್ಯಾಖ್ಯಾನ ಎಂದು ರಾಶಿ ಹಾಕಿಕೊಳ್ಳಬೇಡಿ. ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಬಾಯಿಬಿಟ್ಟು ಓದಿ. ಅರ್ಥವಾಗದ ಅಥವಾ ಒಪ್ಪಲು ಕಷ್ಟವಾದ ಒಂದು ಜಾಗವನ್ನು ಪ್ರಶ್ನೆಯಾಗಿ ನೋಟ್‌ಬುಕ್ಕಿನ ತಲೆಯಲ್ಲಿ ಬರೆಯಿರಿ. ಆ ಪ್ರಶ್ನೆಗೆ ಉತ್ತರ ಬರುತ್ತದೋ ಇಲ್ಲವೋ ಎಂಬ ಕುತೂಹಲವೇ ನಿಮ್ಮನ್ನು ಎಚ್ಚರವಾಗಿಡುತ್ತದೆ. ಉತ್ತರ ಬರದಿದ್ದರೆ ಪ್ರಸಂಗ ಮುಗಿದ ಮೇಲೆ ಕೇಳಲು ಒಂದು ಮಾತಾದರೂ ಕೈಯಲ್ಲಿರುತ್ತದೆ.

3. ಫೋನನ್ನು ಕೈಗೆಟುಕದಂತೆ ಇಡಿ

ಸೈಲೆಂಟ್ ಮಾಡಿದರೆ ಸಾಲದು. ಅಂಗಿ ಜೇಬಿನಲ್ಲಿ ಒಮ್ಮೆ ನಡುಗಿದರೆ ಸಾಕು, ಯಾರಿರಬಹುದು ಎಂಬ ಯೋಚನೆ ಹತ್ತು ವಾಕ್ಯ ನುಂಗುತ್ತದೆ. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದವರು ಮುಂದಾಳಾಗಿ ನಡೆಸಿದ ಪ್ರಯೋಗವೊಂದರಲ್ಲಿ ಫೋನ್ ಮೇಜಿನ ಮೇಲೆ ಸುಮ್ಮನೆ ಮಲಗಿದ್ದರೂ ಏಕಾಗ್ರತೆ ಬೇಡುವ ಪರೀಕ್ಷೆಗಳಲ್ಲಿ ಜನರ ಅಂಕ ಇಳಿಯಿತು. ಬೇರೆ ಕೋಣೆಯಲ್ಲಿ ಇಟ್ಟು ಬಂದವರದು ಮೇಲಿತ್ತು. ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ಇಷ್ಟು ಸ್ಪಷ್ಟ ಫಲ ಬಂದಿಲ್ಲ. ಆದರೂ ಸ್ವಿಚ್ ಆಫ್ ಮಾಡಿ ಚೀಲದ ತಳಕ್ಕೆ ಹಾಕುವುದರಿಂದ ಕಳೆದುಕೊಳ್ಳುವಂಥದ್ದೇನೂ ಇಲ್ಲವಲ್ಲ. ವಾಹನದಲ್ಲೇ ಬಿಟ್ಟು ಬರುವವರು ಇನ್ನೂ ಜಾಣರು.

“ನನ್ನ ಬೈಬಲ್ ಫೋನಿನಲ್ಲೇ ಇದೆ” ಎನ್ನುವವರು ಬಹಳ. ಇಲ್ಲೇ ಹೆಚ್ಚಿನವರು ಜಾರುವುದು. ವಚನ ಹುಡುಕಲು ತೆರೆದ ಬೆರಳಿಗೆ ಸಂದೇಶ ನೋಡಲು ಎಷ್ಟು ಹೊತ್ತು ಬೇಕು? ಪುಸ್ತಕ ತನ್ನಿ. ಅಕ್ಷರ ಚಿಕ್ಕದೆಂಬ ಕಾರಣಕ್ಕೆ ಫೋನೇ ಬೇಕೆಂದಾದರೆ ಏರೋಪ್ಲೇನ್ ಮೋಡ್ ಹಾಕಿ (ಫೋನಿನ ಸಂಪರ್ಕ ಕಡಿಯುವ ಗುಂಡಿ ಅದು; ವೈಫೈ ಉಳಿದಿದ್ದರೆ ಅದನ್ನೂ ಆರಿಸಿ), ಬೈಬಲ್ ಭಾಗವನ್ನು ಮೊದಲೇ ತೆರೆದಿಟ್ಟುಕೊಂಡು ಕೂರಿ. ತುರ್ತು ಕರೆ ಬರಬಹುದಾದ ವೈದ್ಯರು, ಮನೆಯಲ್ಲಿ ರೋಗಿಯನ್ನು ಬಿಟ್ಟು ಬಂದವರು ಒಂದೆರಡು ನಂಬರುಗಳಿಗೆ ಮಾತ್ರ ದಾರಿ ಬಿಟ್ಟು ಉಳಿದದ್ದನ್ನು ಮುಚ್ಚಬಹುದು. ಫೋನಿನ ‘ಡು ನಾಟ್ ಡಿಸ್ಟರ್ಬ್’ ಸೆಟ್ಟಿಂಗಿನಲ್ಲಿ ಆ ಸೌಲಭ್ಯ ಇದೆ.

4. ಕೂರುವ ಜಾಗ

ಮುಂದಿನ ಮೂರ್ನಾಲ್ಕು ಸಾಲು. ಕಣ್ಣಿಗೆ ಬೀಳುವ ತಲೆಗಳು ಕಡಿಮೆಯಾದಷ್ಟೂ ಒಳ್ಳೆಯದು. ಬಾಗಿಲು, ಕಿಟಕಿ, ನಡುದಾರಿಯ ಅಂಚು ಬೇಡ. ಬೋಧಕರ ಮುಖ ನೇರ ಕಾಣಬೇಕು, ಏಕೆಂದರೆ ತುಟಿ ಮತ್ತು ಕಣ್ಣು ಕಂಡರೆ ಕಿವಿಗೂ ಸುಲಭ. ಪಕ್ಕದಲ್ಲಿ ಯಾರು ಎಂಬುದೂ ಮುಖ್ಯ. ಪಿಸುಮಾತಿನ ಗೆಳೆಯನ ಜತೆಗಿನ ಒಡನಾಟವನ್ನು ಚರ್ಚಿನ ಅಂಗಳಕ್ಕೆ ಮುಂದೂಡಿ. ಮುಂದೆ ಕೂರಲು ಸಂಕೋಚವಾಗುವವರು ನಡುವೆ, ಕಂಬದ ಮರೆಯಿಲ್ಲದ ಕಡೆ ಕೂರಲಿ. ಬೆಚ್ಚಗಿನ ಮುಚ್ಚಿದ ಸಭಾಂಗಣದಲ್ಲಿ ಗಾಳಿ ಓಡಾಡುವ ಜಾಗ ಹುಡುಕಿ.

5. ಪ್ರಸಂಗದ ಕಟ್ಟು ಹಿಡಿಯಿರಿ

ಹೆಚ್ಚಿನವರು ಪ್ರಸಂಗವನ್ನು ಬಿಡಿಬಿಡಿ ವಾಕ್ಯಗಳಾಗಿ ಕೇಳುತ್ತಾರೆ. ಒಂದು ವಾಕ್ಯ ಹೋಯಿತೆಂದರೆ ಎಲ್ಲವೂ ಹೋದಂತೆ. ತಯಾರಿ ಮಾಡಿ ಬಂದ ಬೋಧಕರ ಮಾತಿಗೆ ಒಂದು ಕಟ್ಟು ಇರುತ್ತದೆ: ಒಂದು ಮುಖ್ಯ ಮಾತು, ಅದನ್ನು ಎತ್ತಿಹಿಡಿಯುವ ಎರಡು ಮೂರು ಅಂಶ, ಪ್ರತಿ ಅಂಶಕ್ಕೆ ಒಂದು ವಚನವೋ ಉದಾಹರಣೆಯೋ, ಕೊನೆಗೆ ‘ಹಾಗಾದರೆ ನಾವೇನು ಮಾಡಬೇಕು’ ಎಂಬ ಅನ್ವಯ. ಅನ್ವಯವೆಂದರೆ ವಚನವನ್ನು ಇಂದಿನ ಬದುಕಿಗೆ ತಂದು ಹಚ್ಚುವ ಭಾಗ. ನೀವು ಹುಡುಕಬೇಕಾದ್ದು ಈ ಕಟ್ಟನ್ನು.

ಅದರ ಸುಳಿವು ಬೋಧಕರ ಬಾಯಲ್ಲೇ ಸಿಗುತ್ತದೆ. “ಮೊದಲನೆಯದಾಗಿ”, “ಇಲ್ಲಿ ಗಮನಿಸಿ”, “ಆದರೆ ಯೇಸುಸ್ವಾಮಿ ಏನು ಹೇಳಿದರು?”, “ಇದರ ಅರ್ಥವೇನು?”, “ಕೊನೆಯದಾಗಿ”. ಇವು ಕೇಳಿಬಂದಾಗ ಕಿವಿ ನಿಮಿರಲಿ. ಹೊಸ ವಚನ ತೆಗೆಯಿರಿ ಎಂದರೆ ಹೊಸ ಅಂಶ ಬಂತೆಂದೇ ಹೆಚ್ಚಾಗಿ ಅರ್ಥ. ಒಂದೇ ಮಾತನ್ನು ದನಿ ಏರಿಸಿ ಎರಡು ಸಲ ಹೇಳಿದರೆ ಅದೇ ಮುಖ್ಯ ಮಾತಿರಬಹುದು. “ಕೊನೆಯದಾಗಿ” ಎಂಬ ಮಾತು ಮೂರು ಸಲ ಬರುವುದೂ ಉಂಟು. ಮೊದಲ ಸಲವೇ ಪುಸ್ತಕ ಮುಚ್ಚಬೇಡಿ.

ವಾಕ್ಯಗಳ ನಡುವಿನ ಸಂದಿಯಲ್ಲಿ ಮನಸ್ಸಿಗೆ ಕೊಡಬಹುದಾದ ಕೆಲಸವೂ ಇದೇ: ಈಗ ಯಾವ ಅಂಶದಲ್ಲಿದ್ದೇವೆ, ಮುಂದೆ ಏನು ಹೇಳಬಹುದು, ಈ ಮಾತಿಗೆ ವಚನದಲ್ಲಿ ಆಧಾರ ಎಲ್ಲಿದೆ? ಅಪೊಸ್ತಲರ ಕೃತ್ಯಗಳು 17ರಲ್ಲಿ ಬೆರೋಯದವರು ಪೌಲನ ಮಾತು ಕೇಳಿ, ಅದು ಹೌದೋ ಎಂದು ದಿನಾಲೂ ಧರ್ಮಗ್ರಂಥ ತೆಗೆದು ಪರೀಕ್ಷಿಸುತ್ತಿದ್ದರು. ಲೂಕನು ಅದಕ್ಕಾಗಿ ಅವರನ್ನು ಮೆಚ್ಚುತ್ತಾನೆ. ವಚನದ ಮೇಲೆ ಬೆರಳಿಟ್ಟು ಕೇಳುವುದು ಅಗೌರವವೇನಲ್ಲ.

ಪ್ರಸಂಗದ ಉದ್ದ ಮೊದಲೇ ಗೊತ್ತಿದ್ದರೆ ಕಟ್ಟು ಊಹಿಸುವುದು ಇನ್ನಷ್ಟು ಸುಲಭ. ಅಮೆರಿಕದ ಚರ್ಚುಗಳು ಅಂತರ್ಜಾಲಕ್ಕೆ ಹಾಕಿದ ಪ್ರಸಂಗಗಳನ್ನು ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಅಳೆದಾಗ ಮಧ್ಯಮ ಉದ್ದ ಒಟ್ಟಾರೆ 37 ನಿಮಿಷ ಬಂತು, ಕಥೋಲಿಕರಲ್ಲಿ 14, ಇವಾಂಜೆಲಿಕಲ್ ಸಭೆಗಳಲ್ಲಿ 39. ಪೋಪ್ ಫ್ರಾನ್ಸಿಸ್ 2024ರಲ್ಲಿ, ಪ್ರಬೋಧನೆ (ಕಥೋಲಿಕರ ಪ್ರಸಂಗ) ಎಂಟು ನಿಮಿಷ ಮೀರಬಾರದು, ಮೀರಿದರೆ ಜನ ನಿದ್ದೆ ಹೋಗುತ್ತಾರೆ, ಹೋಗುವುದೂ ಸರಿಯೇ ಎಂಬ ಅರ್ಥದ ಮಾತನ್ನು ಹೇಳಿದ್ದರು. ಎಂಟು ನಿಮಿಷದ ಪ್ರಬೋಧನೆಯಲ್ಲಿ ಒಂದೇ ಅಂಶ ಹುಡುಕಿ. ನಲವತ್ತು ನಿಮಿಷದ ಪ್ರಸಂಗಕ್ಕೆ ಕೂತಿದ್ದರೆ ಪ್ರತಿ ಹೊಸ ಅಂಶ ಬಂದಾಗ ಬೆನ್ನು ನೆಟ್ಟಗೆ ಮಾಡಿ ಹೊಸದಾಗಿ ಕೇಳತೊಡಗಿ.

6. ಕಡಿಮೆ ಬರೆಯಿರಿ

ಟಿಪ್ಪಣಿ ಎಂದರೆ ಹೇಳಿದ್ದನ್ನೆಲ್ಲ ಇಳಿಸುವುದೆಂದು ತಿಳಿದವರು ಮೂರನೆಯ ನಿಮಿಷಕ್ಕೇ ಹಿಂದೆ ಬೀಳುತ್ತಾರೆ. ಕೈ ಹಿಂದಿನ ವಾಕ್ಯ ಬರೆಯುತ್ತಿರುವಾಗ ಕಿವಿ ಈಗಿನ ವಾಕ್ಯ ಬಿಡುತ್ತದೆ. ಒಂದು ಪುಟ ಮೀರಬೇಡಿ. ಲೂಕ 10:38–42, ಮಾರ್ಥ ಮತ್ತು ಮರಿಯಳ ಭಾಗದ ಮೇಲಿನ ಅರ್ಧ ಗಂಟೆಯ ಪ್ರಸಂಗಕ್ಕೆ ಈ ಬಗೆಯ ಪುಟ ಸಾಕು:

ಲೂಕ 10:38–42
ನನ್ನ ಪ್ರಶ್ನೆ: ಹಾಗಾದರೆ ಉಪಚಾರದ ಕೆಲಸ ಯಾರು ಮಾಡಬೇಕಿತ್ತು?
ಮುಖ್ಯ ಮಾತು: ಸೇವೆ ಸರಿ, ಸೇವೆಯೊಳಗಿನ ಕಳವಳ ಸರಿಯಿಲ್ಲ
– ಮನೆಗೆ ಕರೆದವಳು ಮಾರ್ಥಳೇ (ವ. 38)
– ದೂರು ಮರಿಯಳ ಮೇಲೆ, ಆದರೆ ಮಾತು ಶುರುವಾಗುವುದು “ನಿನಗೆ ಚಿಂತೆಯಿಲ್ಲವೋ” ಎಂದು ಸ್ವಾಮಿಯ ಮೇಲೆಯೇ (ವ. 40)
– “ಮಾರ್ಥಾ, ಮಾರ್ಥಾ” – ಎರಡು ಸಲ ಕರೆದದ್ದರಲ್ಲಿ ಅಕ್ಕರೆ
ಮಾಡಬೇಕಾದ್ದು: ಕೆಲಸದ ನಡುವೆ ಯಾರ ಮೇಲೆ ಗೊಣಗುತ್ತಿದ್ದೇನೆ?

ಬಲಗಡೆ ಎರಡು ಬೆರಳಗಲ ಅಂಚು ಖಾಲಿ ಬಿಡಿ. ಅದು ಯಾತಕ್ಕೆಂದು ಮುಂದಿನ ಹಂತದಲ್ಲಿದೆ.

ಬರೆಯಲು ಬಾರದವರು, ಬರೆಯಲು ಮನಸ್ಸಿಲ್ಲದವರು ಗೀಚಲಿ. ತಮಾಷೆಯಲ್ಲ. 2009ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆಯೊಬ್ಬರು ನಲವತ್ತು ಮಂದಿಗೆ ಬೇಸರ ಹುಟ್ಟಿಸುವ ಧ್ವನಿಸಂದೇಶ ಕೇಳಿಸಿ, ಅರ್ಧ ಜನಕ್ಕೆ ಕಾಗದದ ಮೇಲಿನ ಆಕಾರಗಳಿಗೆ ಮಸಿ ತುಂಬಲು ಹೇಳಿದರು. ತುಂಬಿದವರಿಗೆ 29% ಹೆಚ್ಚು ವಿವರ ನೆನಪಿತ್ತು. ಮಕ್ಕಳ ಕೈಯಲ್ಲಿ ಪೆನ್ಸಿಲ್ ಕಂಡು ಕಸಿದುಕೊಳ್ಳುವ ಹಿರಿಯರು ಇದನ್ನು ಗಮನಿಸಬೇಕು. ಗೀಚುವುದು ಕೈಯ ಕೆಲಸವಾಗಿರಲಿ, ಚಿತ್ರ ಚೆನ್ನಾಗಿ ಬರಬೇಕೆಂಬ ಹಟ ಹುಟ್ಟಿದರೆ ಗಮನ ಅತ್ತ ಹೋಗುತ್ತದೆ.

7. ಮನಸ್ಸು ಹೊರಟಾಗ

ಹೊರಟೇ ಹೊರಡುತ್ತದೆ, ಹಗ್ಗ ಕಳಚಿದ ಕರುವಿನ ಹಾಗೆ. ಆಗ ಏನು ಮಾಡುತ್ತೀರಿ ಎಂಬುದರ ಮೇಲೆ ಉಳಿದ ಪ್ರಸಂಗ ನಿಂತಿದೆ. ಹೆಚ್ಚಿನವರು ಎರಡು ತಪ್ಪು ಮಾಡುತ್ತಾರೆ. ಒಂದು, “ಛೆ, ಮತ್ತೆ ಹೋಯಿತಲ್ಲ” ಎಂದು ತಮ್ಮನ್ನೇ ಬೈದುಕೊಳ್ಳುತ್ತ ಕೂರುತ್ತಾರೆ. ಆ ಬೈಗುಳವೂ ಪ್ರಸಂಗವಲ್ಲ, ಅದೂ ಅಲೆದಾಟವೇ. ಎರಡು, ತಪ್ಪಿಹೋದ ಭಾಗ ಏನಿರಬಹುದೆಂದು ಹಿಂದಕ್ಕೆ ಕಟ್ಟಲು ಹೋಗಿ ಮುಂದಿನದನ್ನೂ ಕಳೆದುಕೊಳ್ಳುತ್ತಾರೆ. ಹೋದದ್ದು ಹೋಯಿತು. ಮರಳುವ ಕ್ರಮ ಇಷ್ಟೇ: ಹೋದದ್ದು ಗೊತ್ತಾದ ಕೂಡಲೇ ಒಂದು ಉಸಿರು ಬಿಡಿ, ಬೋಧಕರ ಮುಖ ನೋಡಿ, ಈಗ ಕಿವಿಗೆ ಬಿದ್ದ ಮಾತಿನಿಂದ ಒಂದೇ ಪದ ಬರೆಯಿರಿ. ಆ ಪದ ಎಷ್ಟೇ ಸಾಮಾನ್ಯವಾಗಿರಲಿ, ಬರೆದ ಕೈ ಮನಸ್ಸನ್ನು ಕೂರಿಸುತ್ತದೆ. ಒಂದು ಪ್ರಸಂಗದಲ್ಲಿ ಇದನ್ನು ಇಪ್ಪತ್ತು ಸಲ ಮಾಡಬೇಕಾಗಿ ಬಂದರೂ ಆ ದಿನ ಹಾಳಾಯಿತೆಂದು ತಿಳಿಯಬೇಡಿ.

ಹೊರಡುವ ದಾರಿಗಳು ಬೇರೆ ಬೇರೆ, ಒಂದೊಂದಕ್ಕೂ ಮದ್ದು ಬೇರೆ.

ಬಾಕಿ ಕೆಲಸ. ಗ್ಯಾಸ್ ಆರಿಸಿದೆನೇ, ನಾಳೆ ಫೀಸು ಕಟ್ಟಬೇಕು, ಅವರಿಗೆ ಉತ್ತರ ಕೊಡಲಿಲ್ಲ. ಖಾಲಿ ಬಿಟ್ಟ ಅಂಚು ಇರುವುದು ಇದಕ್ಕೆ. “ಫೀಸು – ಸೋಮವಾರ ಬೆಳಿಗ್ಗೆ” ಎಂದು ಬರೆದು ಬಿಟ್ಟುಬಿಡಿ. ಅರ್ಧಕ್ಕೆ ನಿಂತ ಕೆಲಸಕ್ಕೆ ಯಾವಾಗ, ಹೇಗೆ ಎಂಬ ಖಚಿತ ಯೋಜನೆ ಹಾಕಿದರೆ ಅದು ತಲೆಯೊಳಗೆ ಕಾಡುವುದು ಕಡಿಮೆಯಾಗುತ್ತದೆಂದು 2011ರಲ್ಲಿ ಪ್ರಕಟವಾದ ಮನಶ್ಶಾಸ್ತ್ರದ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಕೆಲಸದ ಹೆಸರಷ್ಟೇ ಬರೆದರೆ ಸಾಲದು, ಹೊತ್ತನ್ನೂ ಬರೆಯಿರಿ.

ಪ್ರಸಂಗದ ಮಾತೇ ಎತ್ತಿಕೊಂಡು ಹೋಗುವುದು. ಕ್ಷಮೆಯ ಬಗ್ಗೆ ಮಾತು ಬಂತು, ಅಣ್ಣನ ಜತೆ ಮುರಿದ ಮಾತು ನೆನಪಾಯಿತು. ಇದನ್ನು ಅಡ್ಡಿ ಎಂದು ತಳ್ಳಬೇಡಿ. ಬೋಧಕರು ಬಯಸಿದ್ದೂ ಬಹುಶಃ ಇದನ್ನೇ. ಅಂಚಿನಲ್ಲಿ “ಅಣ್ಣ” ಎಂದು ಬರೆದು ಸುತ್ತ ಒಂದು ಗೆರೆ ಎಳೆಯಿರಿ, ಸಂಜೆಗೆ ಎತ್ತಿಟ್ಟು ಮರಳಿ ಬನ್ನಿ. ತುಂಬ ಕಲಕಿದ್ದರೆ ಅಲ್ಲೇ ಎರಡು ನಿಮಿಷ ಪ್ರಾರ್ಥಿಸಿ, ಉಳಿದ ಅಂಶ ತಪ್ಪಿದರೂ ನಷ್ಟವಿಲ್ಲ.

ಜನ. ಯಾರು ತಡವಾಗಿ ಬಂದರು, ಯಾರ ಸೀರೆ ಹೊಸದು, ಆ ಮಗು ಯಾರದು. ಇದಕ್ಕೆ ಕಣ್ಣನ್ನು ಕಟ್ಟಬೇಕು: ತೆರೆದ ಸತ್ಯವೇದ ಅಥವಾ ಬೋಧಕರು, ಇವೆರಡರ ನಡುವೆ ಮಾತ್ರ ದೃಷ್ಟಿ ಓಡಾಡಲಿ. ಹಿಂದೆ ಸದ್ದಾದರೆ ತಿರುಗಿ ನೋಡದಿರುವುದು ಅಭ್ಯಾಸದಿಂದ ಬರುತ್ತದೆ.

“ಇದು ಇಂಥವರಿಗೇ ಹೇಳಿದ ಹಾಗಿದೆ.” ಎಲ್ಲಕ್ಕಿಂತ ಜಾಣ ಅಲೆದಾಟ ಇದು, ಗಮನವಿಟ್ಟು ಕೇಳಿದಂತೆಯೇ ಕಾಣುತ್ತದೆ. ಮೊಣಕೈಯಿಂದ ಗಂಡನನ್ನೋ ಹೆಂಡತಿಯನ್ನೋ ತಿವಿಯುವುದು ಇದರ ಬಹಿರಂಗ ರೂಪ. ಹೆಸರು ನೆನಪಾದ ಕೂಡಲೇ ಅದನ್ನು ಅಳಿಸಿ “ನನಗೆ?” ಎಂದು ಬರೆಯಿರಿ.

ಬೋಧಕರ ತಪ್ಪು ಎಣಿಸುವುದು. ಎರಡು ನಿಮಿಷಕ್ಕೊಮ್ಮೆ ಬರುವ “ಪ್ರಿಯರೇ”, ತಪ್ಪಿದ ವಚನದ ಸಂಖ್ಯೆ, ಹಿಂದೆ ಕೇಳಿದ್ದೇ ಉದಾಹರಣೆ. ಒಮ್ಮೆ ಎಣಿಸತೊಡಗಿದರೆ ಬೇರೇನೂ ಕೇಳಿಸುವುದಿಲ್ಲ. ನಿಜಕ್ಕೂ ಸಪ್ಪೆ ಪ್ರಸಂಗಗಳಿವೆ, ಇಲ್ಲವೆನ್ನುವುದು ಬೂಟಾಟಿಕೆ. ಅಂಥ ದಿನ ಬೋಧಕರನ್ನು ಬಿಟ್ಟು ಭಾಗವನ್ನು ಹಿಡಿಯಿರಿ. ಆ ವಚನಗಳನ್ನೇ ನಿಧಾನವಾಗಿ ಮತ್ತೆ ಓದಿ, ಅವರು ಏನಾದರೂ ಉಪಯುಕ್ತ ಮಾತಾಡಿದಾಗ ತಲೆ ಎತ್ತಿ. ಒಪ್ಪಿಗೆಯಾಗದ ಮಾತು ಬಂದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಮನಸ್ಸಿನಲ್ಲೇ ವಾದ ಹೂಡಿದರೆ ನೀವು ಗೆದ್ದರೂ ಪ್ರಸಂಗ ಸೋಲುತ್ತದೆ.

8. ಕಣ್ಣು ಎಳೆದರೆ

ಹಿಂದೆ ಇಂಗ್ಲೆಂಡಿನ ಕೆಲವು ಚರ್ಚುಗಳಲ್ಲಿ ಉದ್ದ ಕೋಲು ಹಿಡಿದು ತೂಕಡಿಸುವವರನ್ನು ತಟ್ಟಿ ಎಬ್ಬಿಸಲೆಂದೇ ಸಂಬಳದ ಆಳು ಇರುತ್ತಿದ್ದ. ಈಗ ಆ ಕೆಲಸ ನಮ್ಮದೇ. ಪಾದ ಎರಡನ್ನೂ ನೆಲಕ್ಕೆ ಊರಿ, ಬೆನ್ನನ್ನು ಒರಗಿನಿಂದ ಬಿಡಿಸಿ. ಕಾಲ್ಬೆರಳುಗಳನ್ನು ಬೂಟಿನೊಳಗೇ ಬಿಗಿದು ಸಡಿಲಿಸಿ. ಒಂದು ಗುಟುಕು ನೀರು ಕುಡಿಯಿರಿ. ಕಣ್ಣು ಮುಚ್ಚಿ ಕೇಳುತ್ತೇನೆ ಎಂಬ ಉಪಾಯ ಮಾತ್ರ ಬೇಡ, ಅದರ ಕೊನೆ ಎಲ್ಲರಿಗೂ ಗೊತ್ತು. ತಡೆಯಲಾಗದಿದ್ದರೆ ಮೆಲ್ಲಗೆ ಎದ್ದು ಹಿಂದೆ ಹೋಗಿ ಐದು ನಿಮಿಷ ನಿಂತು ಕೇಳಿ. ನೆಹೆಮೀಯ 8ರಲ್ಲಿ ಎಜ್ರನು ಗ್ರಂಥ ತೆರೆದಾಗ ಜನರೆಲ್ಲ ಎದ್ದು ನಿಂತಿದ್ದರು. ಓದು ಬೆಳಗಿನಿಂದ ಮಧ್ಯಾಹ್ನದ ತನಕ ನಡೆದಿತ್ತು.

ಸಾಕಷ್ಟು ಮಲಗಿಯೂ ಪ್ರತಿ ವಾರ, ಪ್ರಸಂಗದಲ್ಲಷ್ಟೇ ಅಲ್ಲದೆ ಎಲ್ಲಿ ಸುಮ್ಮನೆ ಕೂತರೂ ನಿದ್ದೆ ಬರುತ್ತಿದ್ದರೆ, ಜೋರು ಗೊರಕೆಯೂ ಇದ್ದರೆ ವೈದ್ಯರಿಗೆ ತೋರಿಸಿ. ನಿದ್ದೆಯಲ್ಲಿ ಉಸಿರು ತಡೆತಡೆದು ಬರುವ ಸ್ಲೀಪ್ ಆಪ್ನಿಯ ಎಂಬ ತೊಂದರೆಯ ಲಕ್ಷಣ ಅದಾಗಿರಬಹುದು. ಕೆಲವು ಔಷಧಗಳೂ ಮಂಪರು ತರಿಸುತ್ತವೆ.

9. ಮಗು ಮಡಿಲಲ್ಲಿದ್ದರೆ

ಚಿಕ್ಕ ಮಕ್ಕಳ ತಂದೆತಾಯಿಗೆ ಮೇಲಿನ ಅರ್ಧ ಸಲಹೆ ನಡೆಯುವುದಿಲ್ಲ. ಅವರು ಒಂದು ಪ್ರಸಂಗದಿಂದ ಒಂದು ವಾಕ್ಯ ಮನೆಗೆ ತಂದರೂ ಲಾಭವೇ. ಗಂಡ ಹೆಂಡತಿ ಸರದಿ ಹಾಕಿಕೊಳ್ಳಿ: ಈ ವಾರ ಮಗುವಿನ ಹೊಣೆ ಒಬ್ಬರದು, ಟಿಪ್ಪಣಿ ಇನ್ನೊಬ್ಬರದು, ಮಧ್ಯಾಹ್ನ ಟಿಪ್ಪಣಿಯವರು ಇನ್ನೊಬ್ಬರಿಗೆ ಹೇಳಬೇಕು. ಸದ್ದು ಮಾಡದ ಆಟಿಕೆಯನ್ನು ಚರ್ಚಿಗೆಂದೇ ಬೇರೆ ಇಡಿ, ಉಳಿದ ದಿನ ಕೊಡಬೇಡಿ. ಮಗುವಿನ ಕೈಗೆ ಫೋನ್ ಕೊಟ್ಟು ಕೂರಿಸಿದರೆ ಹಿಂದಿನ ಎರಡು ಸಾಲಿನವರೂ ಅದನ್ನೇ ನೋಡುತ್ತಾರೆ. ಓದು ಬಲ್ಲ ಮಕ್ಕಳಿಗೆ ಹುಡುಕಾಟ ಕೊಡಿ: ‘ರಾಜ್ಯ’ ಎಂಬ ಪದ ಬಂದಾಗೆಲ್ಲ ಒಂದು ಗೆರೆ ಹಾಕು, ಬಂದ ಊರಿನ ಹೆಸರು ಬರೆ.

10. ಮುಗಿದ ಗಂಟೆಯೊಳಗೆ

ಕಲಿತದ್ದು ಅತಿ ವೇಗವಾಗಿ ಸೋರಿಹೋಗುವುದು ಮೊದಲ ಕೆಲವು ಗಂಟೆಗಳಲ್ಲೇ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ. ಆದ್ದರಿಂದ ಮನೆ ತಲುಪುವ ಮುನ್ನವೇ, ಪುಟ ನೋಡದೆ, ಮುಖ್ಯ ಮಾತು ಮತ್ತು ಒಂದು ಅಂಶವನ್ನು ಜತೆಯಲ್ಲಿರುವವರಿಗೆ ಹೇಳಿ. ಒಬ್ಬರೇ ಇದ್ದರೆ ಬಾಯಲ್ಲೇ ಹೇಳಿಕೊಳ್ಳಿ. ನೆನಪಾಗದ್ದಕ್ಕೆ ಆಮೇಲೆ ಪುಟ ನೋಡಿ. ಟಿಪ್ಪಣಿಯನ್ನು ಸುಮ್ಮನೆ ಮತ್ತೆ ಓದುವುದಕ್ಕಿಂತ ಹೀಗೆ ನೆನಪಿನಿಂದ ಎಳೆದು ತೆಗೆಯುವುದು ಹೆಚ್ಚು ದಿನ ಉಳಿಯುತ್ತದೆ. ಸಂಜೆ ಕೇಳುತ್ತಾರೆಂದು ಗೊತ್ತಿದ್ದರೆ ಬೆಳಿಗ್ಗೆ ಕಿವಿಯೂ ಚುರುಕಾಗುತ್ತದೆ, ಅದು ಇದರ ಇನ್ನೊಂದು ಗಳಿಕೆ.

ಇಷ್ಟಾದರೂ ಆಗದಿದ್ದರೆ

ಮೊದಲು ಕಿವಿ ಪರೀಕ್ಷೆ ಮಾಡಿಸಿ. ವಯಸ್ಸಾದವರಲ್ಲಿ ‘ಗಮನ ನಿಲ್ಲುವುದಿಲ್ಲ’ ಎಂಬ ದೂರಿನ ಹಿಂದೆ ‘ಸರಿಯಾಗಿ ಕೇಳಿಸುವುದಿಲ್ಲ’ ಎಂಬುದು ಅಡಗಿರಬಹುದು. ಅರ್ಧಂಬರ್ಧ ಕೇಳಿದ್ದನ್ನು ಜೋಡಿಸಿ ಜೋಡಿಸಿ ಮಿದುಳು ದಣಿಯುತ್ತದೆ. ಶ್ರವಣ ಸಾಧನ ಇರುವವರು ಅದರಲ್ಲಿ ಟೆಲಿಕಾಯಿಲ್ ಇದೆಯೇ, ಚರ್ಚಿನಲ್ಲಿ ಹಿಯರಿಂಗ್ ಲೂಪ್ ಇದೆಯೇ ಎಂದು ವಿಚಾರಿಸಿ. ಸಭಾಂಗಣದ ಸುತ್ತ ಹಾಸಿದ ತಂತಿಯಿಂದ ಮೈಕಿನ ಮಾತು, ಗದ್ದಲದ ಹಂಗಿಲ್ಲದೆ, ನೇರ ಸಾಧನದೊಳಗಿನ ಪುಟ್ಟ ಸುರುಳಿಗೆ ತಲುಪುವ ಏರ್ಪಾಡು ಅದು. ಪ್ರಸಂಗದಲ್ಲಿ ಮಾತ್ರವಲ್ಲದೆ ಓದು, ಕೆಲಸ, ಮಾತುಕತೆ ಎಲ್ಲದರಲ್ಲೂ ಚಿಕ್ಕಂದಿನಿಂದ ಹೀಗೇ ಆಗುತ್ತಿದ್ದರೆ ಗಮನದ ಕೊರತೆಯ ತೊಂದರೆ (ಎಡಿಎಚ್‌ಡಿ) ಇರಬಹುದು, ಮನೋವೈದ್ಯರ ಸಲಹೆ ಪಡೆಯಿರಿ. ಇತ್ತೀಚೆಗೆ ಸಾವು ನೋವು ಕಂಡವರು, ಖಿನ್ನತೆಯಲ್ಲಿರುವವರು ಕೆಲವು ತಿಂಗಳು ಸುಮ್ಮನೆ ಬಂದು ಕೂತರೂ ಸಾಕು. ನೋಟ್‌ಬುಕ್ ಮನೆಯಲ್ಲೇ ಇರಲಿ.

ಮನೆಯಲ್ಲಿ ಕೂತು ನೇರಪ್ರಸಾರ ನೋಡುವವರಿಗೆ ಕಷ್ಟ ದುಪ್ಪಟ್ಟು, ಏಕೆಂದರೆ ಕೇಳುವ ಸಾಧನವೇ ಕದಿಯುವ ಸಾಧನವೂ ಹೌದು. ಫೋನ್ ಬಿಟ್ಟು ದೊಡ್ಡ ಪರದೆಗೆ ಹಾಕಿ, ಪೂರ್ತಿ ಪರದೆ ಮಾಡಿ, ಪಕ್ಕದಲ್ಲಿ ಓಡುವ ಚಾಟ್ ಮುಚ್ಚಿ. ಹಾಸಿಗೆಯ ಮೇಲೆ ಬೇಡ, ಕುರ್ಚಿಯಲ್ಲಿ ಕೂರಿ. ವೇಗ ಹೆಚ್ಚಿಸಿ ಕೇಳುವ ಆಸೆ ಬಂದರೆ ತಡೆಯಿರಿ, ಬೋಧಕರು ಮಾತು ನಿಲ್ಲಿಸುವ ಜಾಗಗಳು ಯೋಚಿಸಲೆಂದೇ ಇರುತ್ತವೆ. ನೇರಪ್ರಸಾರ ತಪ್ಪಿ ಆಮೇಲೆ ಕೇಳುವುದಾದರೆ ಅಡುಗೆ ಮಾಡುತ್ತ, ಬಟ್ಟೆ ಮಡಚುತ್ತ ಕೇಳುವ ಮೊದಲು ಒಮ್ಮೆಯಾದರೂ ಕೂತು ಕೇಳಿ. ತಪ್ಪಿದ ಭಾಗಕ್ಕೆ ಹಿಂದಕ್ಕೆ ಹೋಗುವ ಗುಂಡಿ ಇದೆಯೆಂದು ಮತ್ತೆ ಮತ್ತೆ ಒತ್ತುತ್ತಿದ್ದರೆ ಇಪ್ಪತ್ತು ನಿಮಿಷದ ಪ್ರಸಂಗ ಒಂದು ಗಂಟೆ ಹಿಡಿಯುತ್ತದೆ. ಒಂದು ಪದ ಬರೆದು ಮುಂದೆ ಹೋಗಿ, ಬೇಕಿದ್ದರೆ ಮುಗಿದ ಮೇಲೆ ಆ ಜಾಗವನ್ನಷ್ಟೇ ತೆಗೆದು ಕೇಳಿ.